ಏಣಿ ಹಿಡಿಯುವವಳು

ಹೊಸಪೇಟೆಯಲ್ಲಿ ಫ್ಯಾನು ಅಲ್ಲಾಡತೊಡಗಿದರೆ ಹದಿನೆಂಟು ವರ್ಷ ಜನ ಒಂದೇ ಹೆಸರು ಹೇಳುತ್ತಿದ್ದರು: ಕೆಂಚಣ್ಣ. ಹೊಸ ಫ್ಯಾನು ಹಾಕುವವರು, ಸುಟ್ಟ ಕಾಯಿಲ್ ಸುತ್ತಿಕೊಡುವವರು ಬೇಕಾದಷ್ಟು ಮಂದಿ ಇದ್ದರು. ಅಲ್ಲಾಟ ಬಿಡಿಸುವುದು ಬೇರೆಯೇ ಕೆಲಸ. ಸಂಡೂರಿನ ಕಡೆಯಿಂದ ಬರುವ ಅದಿರು ಲಾರಿಗಳ ಕೆಂಪು ಧೂಳು ನಮ್ಮ ಮನೆಗಳ ಫ್ಯಾನಿನ ರೆಕ್ಕೆಗಳ ಮೇಲೆ ಬೆರಳು ಮುಳುಗುವಷ್ಟು ಕೂರುತ್ತದೆ. ಹಬ್ಬ ಬಂತೆಂದು ಯಾರೋ ಸ್ಟೂಲು ಹತ್ತಿ, ಒದ್ದೆ ಬಟ್ಟೆ ಹಿಡಿದು, ರೆಕ್ಕೆಯನ್ನು ಜಗ್ಗಿ ಜಗ್ಗಿ ಒರೆಸುತ್ತಾರೆ. ಒಂದು ರೆಕ್ಕೆ ಕೂದಲೆಳೆಯಷ್ಟು ಬಾಗುತ್ತದೆ. ಮರುದಿನದಿಂದ ಫ್ಯಾನು ಕುಡಿದವನ ಹಾಗೆ ತೂರಾಡುತ್ತದೆ. ಏಪ್ರಿಲ್ ತಿಂಗಳಲ್ಲಿ ಈ ಊರಿನಲ್ಲಿ ಫ್ಯಾನು ನಿಲ್ಲಿಸಿ ಬದುಕುವುದು ಸಾಧ್ಯವಿಲ್ಲ, ಅಂಥ ಫ್ಯಾನಿನ ಕೆಳಗೆ ಮಲಗುವುದೂ ಸಾಧ್ಯವಿಲ್ಲ. ಆಗ ಕೆಂಚಣ್ಣನಿಗೆ ಹೇಳಿಕಳಿಸುತ್ತಿದ್ದರು.

ಅವನು ಒಬ್ಬನೇ ಬರುತ್ತಿರಲಿಲ್ಲ. ಮುಂದೆ ಅವನು, ಪಾನಾ, ಸ್ಕ್ರೂಡ್ರೈವರ್ ಇದ್ದ ಕ್ಯಾನ್ವಾಸ್ ಚೀಲ ಹಿಡಿದುಕೊಂಡು. ಹಿಂದೆ ಅವನ ಹೆಂಡತಿ ಶಾಂತಕ್ಕ, ಮಡಚುವ ಕಟ್ಟಿಗೆಯ ಏಣಿಯನ್ನು ಹೆಗಲಿಗೇರಿಸಿಕೊಂಡು. ಭಾರ ಹೊತ್ತವಳು ಹೆಂಗಸು ಎನ್ನುವುದು ನಮ್ಮಲ್ಲಿ ಯಾರಿಗೂ ವಿಚಿತ್ರವಾಗಿ ಕಾಣುವ ಸಂಗತಿಯಲ್ಲ.

ಕೋಣೆಗೆ ಕಾಲಿಟ್ಟೊಡನೆ ಅವನ ಮೊದಲ ಮಾತು, "ಎಲ್ಲಾರೂ ಹೊರಗ ನಡೀರಿ. ಬಾಗಲ ಹಾಕ್ತೀನಿ. ಗಾಳಿ ಆಡಿದ್ರ ರೆಕ್ಕಿ ಲೆಕ್ಕ ತಪ್ಪತೈತಿ."

ಅರ್ಧ ಗಂಟೆಯ ನಂತರ ಬಾಗಿಲು ತೆರೆದು, ಸ್ವಿಚ್ಚು ಹಾಕಿ, ಎದೆ ಮುಂದೆ ಮಾಡಿ ನಿಲ್ಲುತ್ತಿದ್ದ. "ನೋಡ್ರಿ. ಕೆನಿ ಕಟ್ಟಿದ ಹಾಲಿನಂಗ ನಿಂತೈತಿ." ನಿಜವಾಗಿಯೂ ಅಲ್ಲಾಟ ನಿಂತಿರುತ್ತಿತ್ತು. ಬಾಗಿಲು ಹಾಕುವುದೇ ವಿದ್ಯೆಯ ಗುಟ್ಟು ಎಂದು ತಿಳಿದು ಊರಿನ ಇನ್ನಿಬ್ಬರು ಮೆಕ್ಯಾನಿಕ್ಕುಗಳೂ ಬಾಗಿಲು ಹಾಕತೊಡಗಿದರು. ಸ್ಟೇಷನ್ ರಸ್ತೆಯ ಮಲ್ಲೇಶ್ ಅವರಲ್ಲಿ ಒಬ್ಬ. ಅವನು ತೆರೆದ ಮೇಲೂ ಫ್ಯಾನು ಅಲ್ಲಾಡುತ್ತಲೇ ಇರುತ್ತಿತ್ತು.

ನಾನು ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಭೌತಶಾಸ್ತ್ರ ಕಲಿಸಿದವಳು. ಗಾಳಿಯ ಮಾತು ಬುರುಡೆ ಎಂದು ಮೊದಲ ದಿನವೇ ಗೊತ್ತಿತ್ತು. ಕೇಳಲಿಲ್ಲ. ಕೆಲಸ ಆಗುತ್ತಿತ್ತು.

ಅವರು ನಮ್ಮ ಮನೆಗೆ ಬರತೊಡಗಿದ ಎಂಟನೆಯ ವರ್ಷ ಇರಬೇಕು. ನಡುಕೋಣೆಯ ಫ್ಯಾನಿಗೆ ಕರೆಸಿದ್ದೆ. ಎಂದಿನಂತೆ ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಅಷ್ಟರಲ್ಲಿ ಮೇಲಿನ ಟ್ಯಾಂಕು ತುಂಬಿ ನೀರು ಸುರಿಯತೊಡಗಿತು. ಪಂಪು ಆರಿಸಲು ಹಿತ್ತಲಿಗೆ ಹೋದೆ. ನಡುಕೋಣೆಯ ಕಿಟಕಿ ಹಿತ್ತಲಿಗೇ ತೆರೆಯುತ್ತದೆ. ಅದರ ಒಂದು ಕದ ಅರ್ಧ ತೆರೆದಿತ್ತು.

ಏಣಿಯ ತುದಿಯಲ್ಲಿ ಶಾಂತಕ್ಕ ಇದ್ದಳು. ಸೀರೆಯನ್ನು ಕಚ್ಚೆ ಕಟ್ಟಿದ್ದಳು. ಒಂದು ಪೊರಕೆ ಕಡ್ಡಿಯನ್ನು ಸೂರಿಗೂ ರೆಕ್ಕೆಯ ತುದಿಗೂ ನಡುವೆ ನಿಲ್ಲಿಸಿ, ಇನ್ನೊಂದು ಕೈಯ ಬೆರಳಿನಿಂದ ರೆಕ್ಕೆಗಳನ್ನು ಒಂದೊಂದಾಗಿ ಕಡ್ಡಿಯ ಮುಂದೆ ತರುತ್ತಿದ್ದಳು. ಮೂರನೆಯದು ಕಡ್ಡಿಗೆ ತಾಗಲಿಲ್ಲ. ಅದರ ಬುಡಕ್ಕೆ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿದಳು, ರೊಟ್ಟಿಯ ಹಿಟ್ಟಿನ ಹದ ನೋಡುವವರ ಹಾಗೆ. ಕೆಳಗೆ ಕೆಂಚಣ್ಣ ಏಣಿಯನ್ನು ಎರಡೂ ತೋಳಿನಲ್ಲಿ ಅಪ್ಪಿ ನಿಂತಿದ್ದ. ಕಣ್ಣು ಬಿಗಿಯಾಗಿ ಮುಚ್ಚಿದ್ದ.

"ಆತೇನ?" ಅಂದ.

"ಇನ್ನೊಂದೀಟು ಐತ್ರಿ. ಗಟ್ಟಿ ಹಿಡ್ಕೊಳ್ರಿ."

"ಹಿಡ್ದೀನಿ. ನೀ ಜ್ವಾಕಿ."

ಅವಳು ತಲೆ ತಿರುಗಿಸಿದಾಗ ಕಿಟಕಿಯಲ್ಲಿ ನಾನು ಅವಳಿಗೆ ಕಂಡೆ. ಬೆಚ್ಚಲಿಲ್ಲ. ಒಂದು ಗಳಿಗೆ ನೋಡಿದಳು, ಮತ್ತೆ ಕಡ್ಡಿಯ ಕಡೆ ತಿರುಗಿದಳು.

ಆಮೇಲೆ ಪಡಸಾಲೆಯಲ್ಲಿ ಚಹಾ ಕೊಟ್ಟೆ. ಕೆಂಚಣ್ಣ ಕಪ್ಪು ಎತ್ತಿಕೊಂಡು, "ಫ್ಯಾನಿಗೂ ಮಾತು ತಿಳೀತೈತ್ರಿ ಮೇಡಮ್ಮೋರೇ, ಹೇಳೋ ರೀತಿ ಹೇಳ್ಬೇಕು," ಎಂದು ಉಪದೇಶ ಮಾಡಿದ. ಶಾಂತಕ್ಕ ನಿಂತೇ ಇದ್ದಳು. "ಕೈ ತೊಳಿಯಾಕ ನೀರು ಕೊಡ್ರಿ" ಅಂದಳು. ಮಣಿಕಟ್ಟಿನವರೆಗೂ ಕೆಂಪು ಧೂಳು, ಗ್ರೀಸು. ಪ್ರತಿ ಸಲವೂ ನೀರು ಕೇಳಿದವಳು ಅವಳೇ, ಒಣ ಕೈಯಲ್ಲಿ ನೇರ ಕಪ್ಪು ಹಿಡಿದವನು ಅವನೇ. ಕಾಣುವುದು ಬೇರೆ, ಗಮನಿಸುವುದು ಬೇರೆ ಎಂದು ವಿದ್ಯಾರ್ಥಿಗಳ ತಲೆಗೆ ಬಡಿದು ಹೇಳಿದವಳು ನಾನು. ಎಂಟು ವರ್ಷ ನನ್ನ ಮನೆಯಲ್ಲೇ ಗಮನಿಸಿರಲಿಲ್ಲ.

ಒಂದು ವಾರದ ಮೇಲೆ ಅವಳು ಒಬ್ಬಳೇ ಬಂದಳು. ಜಗಲಿಯ ಮೇಲೆ ಕೂತು, "ನೋಡಿದ್ರೆಲ್ಲ," ಅಂದಳು. ಪ್ರಶ್ನೆಯಲ್ಲ. ಆಮೇಲೆ ಹೇಳಿದಳು.

ಕೆಂಚಣ್ಣ ಯಶವಂತನಗರದಲ್ಲಿ ಯಾವನೋ ಗುತ್ತಿಗೆದಾರನ ಕೈಕೆಳಗೆ ಕಂಬ ಹತ್ತುವ ಕೆಲಸದಲ್ಲಿದ್ದ. ಒಂದು ದಿನ ಕಂಬದಿಂದ ಬಿದ್ದ. ಮುರಿದ ಸೊಂಟ ಕೂಡಿತು, ಕೆಲಸ ಹೋಯಿತು. ಅಂದಿನಿಂದ ಏಣಿಯ ಎರಡನೆಯ ಮೆಟ್ಟಿಲಿಗೆ ಕಾಲು ನಡುಗಿ ಬೆವರು ಕಿತ್ತುಬರುತ್ತಿತ್ತು. ಆದರೂ ಹೊಟ್ಟೆಪಾಡಿಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ. ಚಿತ್ತವಾಡ್ಗಿಯ ಒಂದು ಮನೆಗೆ ಫ್ಯಾನು ಸರಿಮಾಡಲು ಹೋಗಿ ಹಾಗೆ ಎರಡನೆಯ ಮೆಟ್ಟಿಲಲ್ಲಿ ಅವನು ಕಲ್ಲಾಗಿ ನಿಂತಾಗ, ಶಾಂತಕ್ಕ ಮನೆಯವರನ್ನು ಹೊರಗೆ ಕಳಿಸಿ ಬಾಗಿಲು ಹಾಕಿದಳು. ಅವನನ್ನು ಇಳಿಸಿ ತಾನು ಹತ್ತಿದಳು.

"ನಿನಗೆ ಕಲಿಸಿದವರು ಯಾರು?"

"ಅಲ್ಲಾಟ ನೋಡೋದು ಮೊದಲಿಂದ ಗೊತ್ತಿತ್ರಿ. ನಮ್ಮಪ್ಪ ಹಂಪಯ್ಯ ಕಂಪ್ಲ್ಯಾಗ ಬಂಡಿ ಗಾಲಿ ಮಾಡ್ತಿದ್ದ. ಗಾಲಿ ಅಚ್ಚಿಗೆ ಹಾಕಿ ತಿರುಗಿಸಿ, ಎಲ್ಲಿ ಕುಣಿತೈತಿ ಹೇಳವ್ವ ಅಂತ ನನ್ನ ಮುಂದ ಕುಂದ್ರಸ್ತಿದ್ದ. ಕಡ್ಡಿ ಹಿಡಿಯೋದೂ ಅಲ್ಲಿಂದ. ವೈರಿನ ಕೆಲಸ ಇವ್ರ ಹೇಳಿಕೊಟ್ರು."

"ಮತ್ತೆ ಬಾಗಿಲು ಯಾಕೆ? ತೆರೆದೇ ಮಾಡಬಹುದಲ್ಲ?"

ಅವಳು ನನ್ನನ್ನು ದಡ್ಡ ಮಗುವನ್ನು ನೋಡುವಂತೆ ನೋಡಿದಳು. "ಹೆಂಗಸು ಮ್ಯಾಲ, ಗಂಡಸು ಕೆಳಗ ಕಣ್ಮುಚ್ಚಿ ನಿಂತ್ರ ಯಾರು ಕರೀತಾರ್ರಿ?"

ನಾನು ಬಾಯಿ ಮುಚ್ಚಿಕೊಂಡಿದ್ದೆ, ಕೆಂಚಣ್ಣ ಸಾಯುವವರೆಗೂ.

ಅವನು ಮೂರು ವರ್ಷದ ಹಿಂದೆ ಕಾಮಾಲೆಯಿಂದ ಹೋದ. ಮಕ್ಕಳಿರಲಿಲ್ಲ. ತಿಂಗಳೆರಡು ಬಿಟ್ಟು ಶಾಂತಕ್ಕ ಏಣಿ ಹೊತ್ತು ಹಳೆಯ ಮನೆಗಳಿಗೆಲ್ಲ ಹೋದಳು. "ಹತ್ತೋರು ಯಾರವ್ವ?" ಎಂದು ಕೇಳಿದರು. "ನಾನ." "ನೀ ಏಣಿ ಹಿಡಿಯಾಕಿ ಅಲ್ಲೇನು?" ಎಂದು ನಕ್ಕು ಕಳಿಸಿದರು. ಕೆಲವರು ಹಳೆಯ ಸೀರೆ ಕೊಟ್ಟರು. ಕೈಯಲ್ಲಿ ವಿದ್ಯೆ ಇಟ್ಟುಕೊಂಡು ದಾನ ತರುವ ಸ್ಥಿತಿ ಬಂತು.

ಆಗ ನನ್ನ ಹತ್ತಿರ ಬಂದಳು. "ಒಂದ ಮನಿ ಕೊಡ್ಸಿರಿ. ಬಾಗಲ ತೆರದಿಟ್ಟು ಎಲ್ಲಾರ ಮುಂದ ಮಾಡಿ ತೋರಿಸ್ತೀನಿ. ಒಂದು ಮನಿ ನೋಡಿದ್ರ ನಾಕು ಮನಿ ಕರೀತಾವು. ನನ್ನ ಹೆಸರಿಗೆ ಕರೀಲಿ, ಅಷ್ಟ ನಂಗ ಬೇಕಾಗಿದ್ದು."

"ಹದಿನೆಂಟು ವರ್ಷ ಮಾಡಿದವಳು ನೀನೇ ಎಂದು ನಾನು ಹೇಳಿಬಿಡುತ್ತೇನೆ. ಅಲ್ಲಿಗೆ ಮುಗಿಯಿತು."

"ಅದು ಬ್ಯಾಡ್ರಿ!" ದನಿ ಏರಿತು. "ಹಿಂದಿಂದು ಎತ್ತಬ್ಯಾಡ್ರಿ. ಅದು ಹೇಳಿದ್ರ ಅವ್ರ ಹೆಸರು ಹೋಗತೈತಿ. ನನ್ನ ಹೆಸರು ಬರಂಗಿಲ್ಲ."

ಒಪ್ಪಿದೆ. ಎದುರು ಸಾಲಿನ ರಾಧಾಬಾಯಿಯ ಮನೆಗೆ ಹೋದೆ. ಅವಳ ಗಂಡ ಪುರಂದರ ಟಿ.ಬಿ. ಡ್ಯಾಂನ ಕಾಲುವೆ ಆಫೀಸಿನಲ್ಲಿ ನಿವೃತ್ತನಾದವನು. ಅವರ ಮಲಗುವ ಕೋಣೆಯ ಫ್ಯಾನು ಎರಡು ತಿಂಗಳಿಂದ ತೂರಾಡುತ್ತಿತ್ತು, ಮಲ್ಲೇಶ್ ಎರಡು ಸಲ ಬಾಗಿಲು ಹಾಕಿ ತೆರೆದ ಮೇಲೂ.

"ಶಾಂತಕ್ಕನ್ನ ಕರೀರಿ" ಅಂದೆ.

"ಅಯ್ಯ, ಅಕಿ ಏಣಿ ಹಿಡಿಯೋಕಿ. ಅಕಿಗೇನು ಗೊತ್ತದ?" ಅಂದಳು ರಾಧಾಬಾಯಿ.

"ಗೊತ್ತದ. ಒಂದ್ಸಲ ನೋಡಿ ಮಾತಾಡ್ರಿ."

ಪುರಂದರ ಪೇಪರು ಇಳಿಸಿದ. "ಮ್ಯಾಲಿಂದ ಬಿದ್ದು ಕೈಕಾಲು ಮುರಕೊಂಡ್ರ? ಪೊಲೀಸ್ ಸ್ಟೇಷನ್ ಅಲಿಯೋರು ನಾವೇನು?"

"ಹದಿನೆಂಟು ವರ್ಷ ಬಿದ್ದಿಲ್ಲ, ಈಗ ಬೀಳತಾಳೇನು?"

ಬಾಯಿ ಜಾರಿದ್ದು ಆಡಿದ ಮೇಲೆ ತಿಳಿಯಿತು. ಪುರಂದರ ಕನ್ನಡಕ ತೆಗೆದ. "ಹದಿನೆಂಟು ವರ್ಷ ಅಂದ್ರ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಪುರಾವೆ ಮುಂದಿಟ್ಟರೆ ಜನ ಒಪ್ಪುತ್ತಾರೆ ಎನ್ನುವುದು ನನ್ನ ಜೀವಮಾನದ ಮೂಢನಂಬಿಕೆ. ಕಿಟಕಿ, ಕಡ್ಡಿ, ಕೈ ತೊಳೆಯುವ ನೀರು, ಎಲ್ಲ ಹೇಳಿದೆ.

ಪುರಂದರ ತೊಡೆ ತಟ್ಟಿ ನಕ್ಕ. "ಹಂಗಾದ್ರ ಆ ಮಗ ಇಷ್ಟು ವರ್ಷ ಊರಿಗೆಲ್ಲ ಟೋಪಿ ಹಾಕಿದ್ನೇನು!" ನಕ್ಕು ಮುಗಿಸಿ ತಲೆ ಎತ್ತಿ ಪಡಸಾಲೆಯ ಫ್ಯಾನು ನೋಡಿದ. ನಾಲ್ಕು ವರ್ಷದ ಹಿಂದೆ ಸರಿಪಡಿಸಿದ್ದು, ಒಂದಿಷ್ಟೂ ಅಲುಗದೆ ತಿರುಗುತ್ತಿತ್ತು. "ಇದೂ ಅಕಿದೇನು? ಎರಡು ದಿನದಿಂದ ನಂಗ ಇದೂ ಯಾಕೋ ಅಲ್ಲಾಡಿದಂಗ ಅನಸ್ತದ."

"ಪಡಸಾಲ್ಯಾಗ ರಾಯರ ಫೋಟೋ ಅದ," ರಾಧಾಬಾಯಿ ಎದ್ದು ನಿಂತಳು. "ಅದಕ್ಕಿಂತ ಮ್ಯಾಲ ಸೀರಿ ಎತ್ತಿಕಟ್ಟಿ ನಿಂತಿದ್ಲೇನು ಅಕಿ?"

"ಕೆಂಚಣ್ಣ ನಿಂತಿದ್ರ ರಾಯರಿಗೆ ನಡೀತಿತ್ತೇನು?"

"ಗಂಡಸ್ರ ಮಾತು ಬ್ಯಾರೆ."

ಸುದ್ದಿ ವಾರದೊಳಗೆ ಊರಿಡೀ ಹಬ್ಬಿತು. ಮಲ್ಲೇಶ್ ಚಹಾದಂಗಡಿಯ ಮುಂದೆ, "ಕೆಂಚಣ್ಣಗ ಮೊದಲಿಂದ ಕೆಳಗಿರೋದ ರೂಢಿ ಬಿಡ್ಲೇ, ಮನ್ಯಾಗೂ ಶಾಂತಕ್ಕನೇ ಮ್ಯಾಲ!" ಎಂದು ಸತ್ತವನ ಮೇಲೆ ನಗೆ ಎಬ್ಬಿಸಿದನಂತೆ. ಅದಕ್ಕಿಂತ ವಿಚಿತ್ರವಾದದ್ದು ಇನ್ನೊಂದು. ವರ್ಷಗಟ್ಟಲೆ ನೆಟ್ಟಗೆ ತಿರುಗಿದ ಫ್ಯಾನುಗಳು ಮೂರು ಮನೆಗಳಲ್ಲಿ ಅಲ್ಲಾಡುತ್ತಿವೆ ಎಂದು ದೂರು ಬಂತು. ಸುದ್ದಿ ತಾಗಿ ಫ್ಯಾನು ಅಲುಗುವುದನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಮಲ್ಲೇಶ್ ಹೋಗಿ ಸುಮ್ಮನೆ ಸ್ಕ್ರೂ ಬಿಗಿ ಮಾಡಿ ಬಂದ. ಅವು ವಾಸಿಯಾದವು. ಶಾಂತಕ್ಕನನ್ನು ಯಾರೂ ಕರೆಯಲಿಲ್ಲ.

ಅವಳು ಬಂದು ನನ್ನ ಜಗಲಿಯ ಕೆಳಗೆ ನಿಂತಳು. ಮೇಲೆ ಬರಲಿಲ್ಲ.

"ಎತ್ತಬ್ಯಾಡ್ರಿ ಅಂದಿದ್ದೆ."

"ನಾನು ಹೇಳಿದ್ದು ನಿಜ, ಶಾಂತಕ್ಕ."

"ನಿಜ ಹೌದ್ರಿ. ಆದ್ರ ಅದು ನಮ್ಮ ಮನಿದಿತ್ತು."

ಅಷ್ಟೇ ಹೇಳಿ ಹೋದಳು. ಕ್ಷಮೆ ಕೇಳಲು ನನಗೆ ಎರಡು ವರ್ಷ ಸಮಯವಿತ್ತು. ಕೇಳಲಿಲ್ಲ.

ಈ ಬೇಸಿಗೆಯಲ್ಲಿ ನನ್ನ ನಡುಕೋಣೆಯ ಫ್ಯಾನು ಮತ್ತೆ ತೂರಾಡತೊಡಗಿತು. ಒರೆಸಿದವಳು ನಾನೇ. ಶಾಂತಕ್ಕನಿಗೆ ಫೋನು ಮಾಡಿದೆ.

"ಮಲ್ಲೇಶನ ಅಂಗಡಿಗೆ ಹೇಳ್ರಿ," ಅಂದಳು. "ನಾ ಈಗ ಅಲ್ಲೇ ಒಳಗ ಕುಂತು ಕಾಯಿಲ್ ಸುತ್ತತೀನಿ."

"ನನಗೆ ನೀನು ಬೇಕು."

"ಬರ್ತೀನ್ರಿ. ಏಣಿ ಹಿಡಿಯಾಕ."

ಮಧ್ಯಾಹ್ನ ಬಂದರು. ಮುಂದೆ ಮಲ್ಲೇಶ್, ಚೀಲ ಹಿಡಿದು. ಹಿಂದೆ ಶಾಂತಕ್ಕ, ಅದೇ ಕಟ್ಟಿಗೆಯ ಏಣಿ ಹೊತ್ತು. ಅಂಗಡಿಯ ಬೋರ್ಡಿನಲ್ಲಿ ಈಗ "ಅಲ್ಲಾಡುವ ಫ್ಯಾನು ಸರಿಪಡಿಸುವ ತಜ್ಞರು" ಎಂದು ಬರೆಸಿದ್ದಾನೆಂದು ಕೇಳಿದ್ದೆ. ಅವನ ಕೆಲಸ ಇತ್ತೀಚೆಗೆ ಚೆನ್ನಾಗಿದೆ ಎಂದು ರಾಧಾಬಾಯಿಯೂ ಹೇಳಿದ್ದಳು. ಅವಳ ಮಲಗುವ ಕೋಣೆಯ ಫ್ಯಾನಿನ ಅಲ್ಲಾಟ ಕೊನೆಗೂ ನಿಂತಿತ್ತು.

"ಹೊರಗ ನಡೀರಿ ಮೇಡಂ, ಬಾಗಲ ಹಾಕ್ತೀವಿ," ಅಂದ ಮಲ್ಲೇಶ್.

"ಬಾಗಿಲು ತೆರೆದೇ ಇರಲಿ. ಯಾರು ಹತ್ತುತ್ತಾರೆ ಎಂದು ನನಗೂ ಗೊತ್ತು, ನಿನಗೂ ಗೊತ್ತು."

ಅವನು ಶಾಂತಕ್ಕನ ಮುಖ ನೋಡಿದ. ಅವಳು ಏಣಿಯ ಕಾಲು ಬಿಚ್ಚಿ ನಿಲ್ಲಿಸುತ್ತಿದ್ದಳು. ಕೆಲಸ ನಿಲ್ಲಿಸದೆ, ತಲೆ ಎತ್ತದೆ ಹೇಳಿದಳು.

"ಎಲ್ಲಾರಂಗ ನೀವೂ ಹೊರಗ ಹೋಗ್ರಿ ಮೇಡಮ್ಮೋರೇ."

ಹೋದೆ. ಬಾಗಿಲ ಚಿಲಕ ಬಿತ್ತು. ಸ್ವಲ್ಪ ಹೊತ್ತಿನಲ್ಲೇ ಹಿತ್ತಲ ಕಡೆಯ ಕಿಟಕಿಯನ್ನೂ ಒಳಗಿನಿಂದ ಎಳೆದು ಹಾಕಿದ ಸದ್ದು ಕೇಳಿತು. ಆ ಕದ ಅರ್ಧ ತೆರೆದಿರುತ್ತದೆ ಎಂದು ಗೊತ್ತಿದ್ದವರು ಒಳಗೆ ಒಬ್ಬರೇ.

ಅರ್ಧ ಗಂಟೆಗೆ ಬಾಗಿಲು ತೆರೆಯಿತು. ಮಲ್ಲೇಶ್ ಸ್ವಿಚ್ಚು ಹಾಕಿ ಎದೆ ಮುಂದೆ ಮಾಡಿದ. "ನೋಡ್ರಿ. ಕೆನಿ ಕಟ್ಟಿದ ಹಾಲಿನಂಗ." ಆ ಮಾತನ್ನೂ ಎತ್ತಿಕೊಂಡಿದ್ದ. ಪಡಸಾಲೆಗೆ ಬಂದು ಕುರ್ಚಿ ಎಳೆದು ಕೂತು ಚಹಾ ಎತ್ತಿಕೊಂಡ.

ಶಾಂತಕ್ಕ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. "ಕೈ ತೊಳಿಯಾಕ ನೀರು ಕೊಡ್ರಿ."

ಚೊಂಬಿನಿಂದ ಅವಳ ಕೈಗೆ ನಾನೇ ನೀರು ಹೊಯ್ದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೆಂಪು ನೀರು ಹರಿಯಿತು. ಒಳಗೆ ಮಲ್ಲೇಶ್, ಸಕ್ಕರೆ ಕಡಿಮೆಯಾಗಿದೆ ಎಂದ.