ಅತ್ತೆ ಎರಡನೇ ಸಲ ಮಾತು ಕಲಿತದ್ದು

ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ, ಒಂದು ದೊಡ್ಡ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಿದ್ದರು. ಹಳ್ಳಿಯಲ್ಲಿ ಹೈಸ್ಕೂಲು ಮುಗಿಸಿದ ನಾನು ಕಾಲೇಜಿಗೆಂದು ಅವರ ಮನೆಯಲ್ಲಿ ಉಳಿದಿದ್ದೆ. ಒಮ್ಮೆ ಊಟದ ಡಬ್ಬಿ ಮರೆತು ಹೋಗಿದ್ದರೆಂದು ಕೊಡಲು ಹೋದಾಗ ಆ ಜಾಗವನ್ನು ಮೊದಲ ಸಲ ನೋಡಿದೆ. ಲಾಂಡ್ರಿ ಎಂದರೆ ಎಲ್ಲೋ ನೆಲಮಾಳಿಗೆಯ ಕತ್ತಲ ಕೋಣೆ ಇರಬಹುದು ಎಂದುಕೊಂಡಿದ್ದೆ. ಅದು ಇದ್ದದ್ದು ಕಟ್ಟಡದ ಕೊನೆಯ ಮಹಡಿಯಲ್ಲಿ. ಒಂದು ಕಡೆಯ ಗೋಡೆ ನೆಲದಿಂದ ಸೂರಿನವರೆಗೆ ಗಾಜು. ಒಗೆದು ಒಣಗಿದ ಒಂದೊಂದು ಬೆಡ್‌ಶೀಟನ್ನೂ ಆ ಗಾಜಿನೆದುರು ಎತ್ತಿ ಹಿಡಿದು ನೋಡುತ್ತಿದ್ದರು. ಕಲೆ ಉಳಿದಿದ್ದರೆ, ಸೂಜಿಮೊನೆಯಷ್ಟು ತೂತಿದ್ದರೆ ಬೆಳಕು ಹೇಳಿಬಿಡುತ್ತಿತ್ತು.

ಬೆಡ್‌ಶೀಟು ಮಡಿಸಲು ಇಬ್ಬರು ಬೇಕು. ಅತ್ತೆಯ ಜೋಡಿಗೆ ಇದ್ದವರು ಬಹಳ ಎತ್ತರದ ಹೆಂಗಸು. ಅವರನ್ನು ಲಾಂಡ್ರಿಯವರೆಲ್ಲ ಏಣಿ ಎಂದೇ ಕರೆಯುತ್ತಿದ್ದರು. ಅತ್ತೆ ಕುಳ್ಳಗೆ, ಜೊತೆಗೆ ಮಾತಿನಮಲ್ಲಿ. ಹಾಗಾಗಿ ಏಣಿ ಅವರಿಗೆ ಗುಬ್ಬಿ ಎಂದು ಹೆಸರಿಟ್ಟಿದ್ದರು. ಯಂತ್ರಗಳ ಗದ್ದಲದಲ್ಲಿ ಕೈಯಿಂದ ಕೈಗೆ ತಾಳ ತಪ್ಪದಿರಲೆಂದು ಜೋಡಿಯವರು ಗಟ್ಟಿಯಾಗಿ ಕೂಗಿಕೊಂಡೇ ಮಡಿಸಬೇಕು. ಒಬ್ಬರದು ಒಂದು ಮಾತು, ಇನ್ನೊಬ್ಬರದು ಮುಂದಿನದು. ಏಣಿ "ಹಿಡಿ" ಎಂದರೆ ಅತ್ತೆ "ಎಳಿ" ಎನ್ನುವರು. "ಕೊಡವು" ಎಂದರೆ "ಸೇರ್ಸು". "ಮಡ್ಸು" ಎಂದರೆ "ಇಡು". ಅಷ್ಟರಲ್ಲಿ ಅಷ್ಟು ದೊಡ್ಡ ಬಟ್ಟೆ ಒಂದು ಇಟ್ಟಿಗೆಯಂತೆ ಆಗಿ ಮೇಜಿನ ಮೇಲೆ ಕೂತಿರುತ್ತಿತ್ತು.

ಒಂದು ಬೆಳಿಗ್ಗೆ ಹೀಗೆ ಮಡಿಸುತ್ತಿರುವಾಗಲೇ ಅತ್ತೆಯ ಬಲಗೈಯಿಂದ ಬಟ್ಟೆಯ ತುದಿ ಜಾರಿತು. ಬಾಯಿ ಒಂದು ಕಡೆಗೆ ಎಳೆದುಕೊಂಡಿತು. ಪಾರ್ಶ್ವವಾಯು ಬಡಿದಿತ್ತು. ಆಸ್ಪತ್ರೆಯ ಒಳಗೇ ಇದ್ದದ್ದರಿಂದ ಜೀವ ಉಳಿಯಿತು. ಬಲಗೈ ಬಲಗಾಲಿನ ಶಕ್ತಿ ಅರ್ಧ ಹೋಯಿತು. ಮಾತು ಪೂರ್ತಿ ಹೋಯಿತು.

ಮನೆಗೆ ಕಳಿಸುವಾಗ ಡಾಕ್ಟರು ವಿಶ್ರಾಂತಿ ಬೇಕು, ಆಯಾಸ ಮಾಡಿಸಬೇಡಿ, ಮಾತಿನ ಚಿಕಿತ್ಸೆಗೆ ಮುಂದಿನ ತಿಂಗಳಿಂದ ಕರೆದುಕೊಂಡು ಬನ್ನಿ ಎಂದಿದ್ದರು. ವಿಶ್ರಾಂತಿ ಎಂದರೇನು ಎಂಬುದನ್ನು ಮಾವ ತಮ್ಮ ಅನುಭವದಿಂದಲೇ ನಿರ್ಧರಿಸಿದರು. ಮಾವ ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಮನೆಯೊಳಗೆ ಮಾತನಾಡಿದರೂ ಬಸ್ಸಿನ ಕೊನೆಯ ಸೀಟಿಗೆ ಕೇಳಿಸುವಂಥ ದನಿ. ಹಿಂದೆ ಅವರ ಕಣ್ಣಿನ ಆಪರೇಷನ್ ಆಗಿದ್ದಾಗ ಕೆಲವು ದಿನ ಅವರನ್ನು ಕತ್ತಲಲ್ಲಿ ಮಲಗಿಸಿದ್ದರಂತೆ.

"ಕಣ್ಣಿಗೇ ಅಷ್ಟು ಬೇಕಾದ್ರೆ ಮೆದುಳಿಗೆ ಎಷ್ಟು ಬೇಡ?" ಎಂದು ಅತ್ತೆಯನ್ನು ಒಳಕೋಣೆಗೆ ಸಾಗಿಸಿ, ಅಲ್ಲಿದ್ದ ಒಂದೇ ಕಿಟಕಿಗೆ ದಪ್ಪ ಕಂಬಳಿ ಕಟ್ಟಿದರು. ಟಿವಿ ಬಂದ್ ಆಯಿತು. ಪಾತ್ರೆ ಸದ್ದಾಗಬಾರದೆಂದು ಸಿಂಕಿನಲ್ಲಿ ಟವಲ್ ಹಾಸಿದರು. ತಮ್ಮ ದನಿಯನ್ನೂ ಅದುಮಿಟ್ಟುಕೊಂಡು ನನ್ನ ಜೊತೆ ಪಿಸುಗುಡತೊಡಗಿದರು. ಅತ್ತೆಯ ಜೊತೆಗಂತೂ ಯಾರೂ ಮಾತನಾಡುವಂತಿರಲಿಲ್ಲ. ಉತ್ತರ ಕೊಡಲು ಹೋಗಿ ಅವರು ದಣಿದಾರು ಎಂಬ ಭಯ.

ಅಷ್ಟು ಪ್ರೀತಿಯಿಂದ ಮಾಡಿದ ಆ ಏರ್ಪಾಡಿನಲ್ಲಿ ಅತ್ತೆ ದಿನದಿಂದ ದಿನಕ್ಕೆ ಸೊರಗಿದರು. ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡಿರುವುದು. ಊಟದ ತಟ್ಟೆ ಕಂಡರೆ ಮುಖ ತಿರುಗಿಸುವರು. ಆಮೇಲೆ ಗೋಡೆಯ ಕಡೆ ತಿರುಗಿದವರು ತಿರುಗಿಯೇ ಇರತೊಡಗಿದರು. ನೋಡಲು ಬಂದ ಪಕ್ಕದ ಮನೆಯಾಕೆ ಮಂಚದ ಪಕ್ಕದಲ್ಲೇ ನಿಂತು, "ಪಾಪ, ಇವರಿಗೇನೂ ತಿಳಿಯಲ್ಲ ಅಲ್ವಾ? ಬುದ್ಧಿ ಹೋದ್ರೆ ಹೋಯ್ತು" ಎಂದು ಹೋದರು.

ಅವತ್ತು ಮಾವ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಹಾಕಿದರು. "ನೀನು ಓದ್ತಾ ಇದ್ದೀಯ, ನಿಜ ಹೇಳು. ಅವಳು ಒಳಗೆ ಇದ್ದಾಳಾ, ಇಲ್ವಾ?"

ಕಾಲೇಜಿನಲ್ಲಿ ನಾನು ಮೆದುಳಿನ ಚಿತ್ರ ಬಿಡಿಸಿದ್ದೆ, ಭಾಗಗಳಿಗೆ ಬೇರೆ ಬೇರೆ ಬಣ್ಣ ತುಂಬಿದ್ದೆ. ಮಾವನ ಪ್ರಶ್ನೆಗೆ ಆ ಬಣ್ಣಗಳಲ್ಲಿ ಉತ್ತರವಿರಲಿಲ್ಲ. ಗೊತ್ತಿಲ್ಲ ಮಾವ ಎಂದೆ.

ಏಣಿ ಬಂದದ್ದು ಒಂದು ರಜೆಯ ಮಧ್ಯಾಹ್ನ. ಅದುವರೆಗೆ ಮಾವ ಅವರನ್ನು ಫೋನಿನಲ್ಲೇ ತಡೆದಿದ್ದರು. ಬಾಗಿಲು ತೆರೆದ ಮಾವ ತುಟಿಗೆ ಬೆರಳಿಟ್ಟರು.

"ಶ್! ಮೆಲ್ಲಗೆ."

"ಯಾಕಣ್ಣ, ಮನೆಗೆ ಕಳ್ಳ ನುಗ್ಗಿದಾನಾ?"

"ಅವಳು ರೆಸ್ಟಲ್ಲಿದ್ದಾಳೆ."

ಏಣಿ ತಲೆ ಬಗ್ಗಿಸಿ ಒಳಕೋಣೆಯ ಬಾಗಿಲು ದಾಟಿದರು. ಸ್ವಲ್ಪ ಹೊತ್ತು ಅವರಿಗೆ ಏನೂ ಕಾಣಿಸಿರಲಿಕ್ಕಿಲ್ಲ. ಆಮೇಲೆ ಅವರ ದನಿ ಮನೆಯನ್ನೆಲ್ಲ ತುಂಬಿತು. "ಇದಾ ರೆಸ್ಟು? ಆಲೂಗಡ್ಡೆ ಮೂಟೆ ಇಟ್ಟಂಗೆ ಇಟ್ಟಿದ್ದೀರಲ್ಲ! ಆಲೂಗಡ್ಡೆನಾದ್ರೂ ಕತ್ತಲಲ್ಲಿ ಮೊಳಕೆ ಬಿಡುತ್ತೆ. ಇವಳೇನು ಬಿಡ್ತಾಳೆ, ಮಣ್ಣು?"

ಮಾವ ತಡೆಯುವ ಮೊದಲೇ ಅವರು ಕಂಬಳಿಯನ್ನು ಕಿತ್ತೆಳೆದರು. ಬೆಳಕು ಮಂಚದ ಮೇಲೆ ಬಿತ್ತು. ಅತ್ತೆ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು. ಮಾವ ಓಡಿ ಹೋಗಿ ತಮ್ಮ ಎರಡು ಅಂಗೈಗಳನ್ನು ಅವರ ಮುಖಕ್ಕೆ ಅಡ್ಡ ಹಿಡಿದರು. ಅತ್ತೆ ಎಡಗೈಯಿಂದ ಆ ಕೈಗಳನ್ನು ಸರಿಸಿದರು. ಸರಿಸಿ, ಕಿಟಕಿಯ ಕಡೆ ನೋಡಿದರು.

"ನೋಡಿದ್ರಾ? ಬಾರೇ ಗುಬ್ಬಿ, ಏಳು. ಹೊರಗೆ ಹೋಗೋಣ" ಎಂದು ಏಣಿ ಅವರನ್ನು ತಬ್ಬಿ ಎಬ್ಬಿಸಿದರು. ನಾನೊಂದು ಕಡೆ ಹಿಡಿದೆ. ಇಬ್ಬರೂ ಸೇರಿ ಅವರನ್ನು ಮುಂದಿನ ಕೋಣೆಯ ದೊಡ್ಡ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂರಿಸಿದೆವು. ಅಲ್ಲಿ ಒಗೆದ ಬಟ್ಟೆಗಳ ರಾಶಿ ಬಿದ್ದಿತ್ತು. ಏಣಿಗೆ ಅದನ್ನು ನೋಡಿ ಸುಮ್ಮನಿರಲು ಆಗಲಿಲ್ಲವೋ ಏನೋ. ಒಂದು ಬೆಡ್‌ಶೀಟು ತೆಗೆದು, ಒಂದು ತುದಿಯನ್ನು ಅತ್ತೆಯ ಎಡಗೈಗೆ ಕೊಟ್ಟು, ಇನ್ನೊಂದನ್ನು ಅವರ ಬಲತೋಳಿನ ಸಂದಿಗೆ ಸಿಕ್ಕಿಸಿದರು. ಹಿಂದೆ ಹಿಂದೆ ನಡೆದು ಗೋಡೆ ಮುಟ್ಟಿ ನಿಂತರು.

"ಹಿಡಿ" ಎಂದರು.

ಬಟ್ಟೆ ಇಬ್ಬರ ನಡುವೆ ಜೋತಾಡುತ್ತಿತ್ತು. ಅತ್ತೆಯ ತುಟಿ ಅಲುಗಿತು, ನಿಂತಿತು, ಮತ್ತೆ ಅಲುಗಿತು.

"ಎಳಿ."

ತೊದಲಲ್ಲ, ಗೊಗ್ಗರಲ್ಲ, ಅತ್ತೆಯದೇ ದನಿ. ಏಣಿಯ ಮುಖ ಬಿಳಿಚಿತ್ತು. ಆದರೂ ಅವರು ತಾಳ ಬಿಡಲಿಲ್ಲ. "ಕೊಡವು" ಎಂದರು. "ಸೇರ್ಸು" ಎಂದು ಬಂತು. "ಮಡ್ಸು." "ಇಡು."

ಮಾವ ಅಷ್ಟು ದಿನ ಅದುಮಿಟ್ಟ ದನಿಯೆಲ್ಲ ಒಮ್ಮೆಲೇ ಹೊರಬಂತು. ಕುರ್ಚಿಯ ಮುಂದೆ ಮಂಡಿಯೂರಿ, "ಲೇ, ನನ್ನ ನೋಡು! ನಾನ್ಯಾರು? ನಾನ್ಯಾರು ಹೇಳು!" ಎಂದು ಕೂಗಿದರು.

ಅತ್ತೆ ಅವರನ್ನೇ ನೋಡಿದರು. ಬಾಯಿ ತೆರೆದರು. "ಎಳಿ" ಎಂದರು.

"ಅದಲ್ಲ ಕಣೇ. ನಾನು ಯಾರು?"

"ಎಳಿ." ಅದಲ್ಲ ಎಂಬುದು ಅವರಿಗೇ ಗೊತ್ತಾಯಿತು. ಮತ್ತೆ ಪ್ರಯತ್ನಿಸಿದರು. "ಎಳಿ... ಎಳಿ..." ಎಡಗೈಯಿಂದ ತೊಡೆಗೆ ಹೊಡೆದುಕೊಂಡು ಅಳತೊಡಗಿದರು.

ಮಾವ ನಿಧಾನವಾಗಿ ಎದ್ದರು. "ಅಭ್ಯಾಸ ಅಷ್ಟೇ. ಗಿಣಿ ಹೇಳಿದಂಗೆ ಹೇಳ್ತಾಳೆ. ಒಳಗೇನಿಲ್ಲ."

"ತಪ್ಪು ಹೇಳಿದೆ ಅಂತ ಗಿಣಿ ಯಾವತ್ತಾದ್ರೂ ಅತ್ತಿದ್ದು ನೋಡಿದೀರಾ ಅಣ್ಣ?" ಎಂದರು ಏಣಿ.

ಮಾವ ಮುಂದಿನ ತಿಂಗಳಿಗೆಂದು ಕಾಯದೆ ಮರುದಿನವೇ ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೊರಟರು. ನಾನೂ ಜೊತೆಗೆ ಹೋದೆ.

ಮಾತಿನ ಚಿಕಿತ್ಸೆಯ ಮೇಡಂ ಚಿಕ್ಕ ವಯಸ್ಸಿನವರು. ಅತ್ತೆಯ ಎದುರು ಕೂತು, ಬಾಗಿಲು ತೋರಿಸಿ ಎಂದರು. ಅತ್ತೆ ತೋರಿಸಿದರು. ಬರೆಯುವ ವಸ್ತು ಯಾವುದು ಎಂದರು. ಪೆನ್ನನ್ನು ತೋರಿಸಿದರು. ಈ ಕೋಣೆಯಲ್ಲಿ ತುಂಬಾ ಹೆದರಿರೋರು ಯಾರು ಎಂದು ಕೇಳಿದಾಗ ಅತ್ತೆಯ ಬೆರಳು ನೆಟ್ಟಗೆ ಮಾವನ ಕಡೆ ಹೋಯಿತು. ಮೇಡಂ ನಕ್ಕರು. ಮಾವ ನಗಲಿಲ್ಲ, ಮೂಗು ಒರೆಸಿಕೊಂಡರು.

"ಇವರಿಗೆ ಎಲ್ಲಾ ಅರ್ಥವಾಗುತ್ತೆ" ಎಂದರು ಮೇಡಂ. "ಹೊಸದಾಗಿ ಮಾತು ಜೋಡಿಸಿ ಹೊರಗೆ ತರೋ ದಾರಿ ಕುಸಿದಿದೆ. ಸಾವಿರಾರು ಸಲ ಹೇಳಿ ಹೇಳಿ ನುರಿತ ಮಾತುಗಳು ಬೇರೆ ದಾರೀಲಿ ಬರ್ತವೆ. ಎಷ್ಟೋ ಜನಕ್ಕೆ ಆ ದಾರಿ ಉಳಿದಿರುತ್ತೆ. ಅದನ್ನೇ ಹಿಡ್ಕೊಂಡು ಪಕ್ಕದಲ್ಲಿ ಇನ್ನೊಂದು ದಾರಿ ಕಡಿಯೋಣ. ಮೆದುಳು ಈ ವಯಸ್ಸಲ್ಲೂ ಕಲಿಯುತ್ತೆ."

ಕೋಣೆಯ ವಿಷಯವನ್ನೂ ಕೇಳಿದರು. ಹಗಲು ಹೊತ್ತು ಬೆಳಕಿನಲ್ಲಿ ಕೂರಿಸಬೇಕು, ಹಗಲು ಯಾವುದು ರಾತ್ರಿ ಯಾವುದು ಎಂದು ಮೈಗೆ ಗೊತ್ತಾದರೆ ನಿದ್ದೆಯೂ ದಾರಿಗೆ ಬರುತ್ತದೆ, ಮನಸ್ಸೂ ಏಳುತ್ತದೆ ಎಂದರು. "ಅವರ ಜೊತೆ ಮಾತಾಡಿ. ಕೇಳಿದ್ಮೇಲೆ ಉತ್ತರ ಬರೋವರೆಗೂ ಕಾಯಿರಿ. ನೀವು ಹೇಳಿಕೊಡಬೇಡಿ."

"ಎಷ್ಟು ಹೊತ್ತು ಕಾಯೋದು?"

"ಬರೋವರೆಗೂ."

"ನಾನು ಕಂಡಕ್ಟರ್ ಕಣಮ್ಮ. ಕಾಯೋದು ನಂಗೆ ಹೇಳಿಕೊಟ್ಟೇ ಇಲ್ಲ" ಎಂದರು ಮಾವ.

ಮಂಚ ಮುಂದಿನ ಕೋಣೆಗೆ ಬಂತು. ಬೆಳಗಿನ ಬಿಸಿಲು ಮೊದಲು ಅತ್ತೆಯ ಪಾದಕ್ಕೆ ಬಂದು, ನಿಧಾನವಾಗಿ ಮಡಿಲಿಗೆ ಏರುತ್ತಿತ್ತು. ಬೀದಿಯಲ್ಲಿ ಹೋಗಿಬರುವವರನ್ನು ಅವರು ನೋಡತೊಡಗಿದರು. ಕೆಲವೇ ದಿನಗಳಲ್ಲಿ ರಾತ್ರಿ ಮಲಗಿದವರು ಬೆಳಿಗ್ಗೆಯೇ ಏಳುವಂತಾಯಿತು. ತಟ್ಟೆ ಖಾಲಿಯಾಗತೊಡಗಿತು. ಔಷಧಿ ಬದಲಾಗಿರಲಿಲ್ಲ. ಅದೇ ಮನೆ, ಅದೇ ಜನ. ಬದಲಾದದ್ದು ಬೆಳಕು, ಮತ್ತು ಮತ್ತೆ ಶುರುವಾದ ಗಲಾಟೆ. ಅಷ್ಟಕ್ಕೇ ಒಂದು ಮುಖ ಹೀಗೆ ಅರಳಬಹುದೆಂದು ನಾನು ಎಣಿಸಿರಲಿಲ್ಲ.

ಏಣಿ ಕೆಲಸ ಮುಗಿಸಿ ಬಂದು ಮೇಡಂ ಹೇಳಿದಂತೆ ಮಡಿಸುವ ಆಟ ಆಡಿಸುವರು. ನಡುವೆ ಬೇಕೆಂದೇ ನಿಲ್ಲುವರು. ಬೆಡ್‌ಶೀಟಿನ ಬದಲು ದಿಂಬಿನ ಕವರ್ ಕೊಟ್ಟು, "ಇದೇನೇ?" ಎನ್ನುವರು. ಅತ್ತೆ ಕಷ್ಟಪಟ್ಟು ಬಾಯಿ ತೆರೆದರೆ ಬರುತ್ತಿದ್ದದ್ದು "ಎಳಿ", ಇಲ್ಲವೇ "ಇಡು". "ಹೋಗ್ಲಿ ಬಿಡೇ ಗುಬ್ಬಿ, ಚಿಕ್ಕೋರಿದ್ದಾಗ ತಪ್ಪಿಸ್ಕೊಂಡ ಶಾಲೆ ಈಗ ಹಿಡ್ಕೊಂಡಿದೆ" ಎಂದು ಏಣಿ ನಗಿಸುವರು. ವಾರಗಳು ಕಳೆದವು. ಆ ಮೂರು ಮಾತುಗಳ ಹೊರಗೆ ಅತ್ತೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಮಾವ ಅಡುಗೆಮನೆಯಲ್ಲಿ ಒಬ್ಬರೇ ನಿಲ್ಲತೊಡಗಿದರು.

ಒಂದು ಸಂಜೆ ಏಣಿಗೆ ಜ್ವರ ಬಂದು ಬರಲಾಗಲಿಲ್ಲ. ನಾನು ಏಳುವುದರೊಳಗೆ ಮಾವನೇ ಬೆಡ್‌ಶೀಟು ಎತ್ತಿಕೊಂಡರು. ಅದುವರೆಗೆ ಅವರು ಆ ಮನೆಯಲ್ಲಿ ಕರ್ಚೀಫನ್ನೂ ಮಡಿಸಿದವರಲ್ಲ. "ಹಿಡಿ" ಎನ್ನುವ ಬದಲು ಬಸ್ಸು ನಿಲ್ಲಿಸುವ ಅಭ್ಯಾಸಬಲದಿಂದ "ಹೋಲ್ಡಾನ್!" ಎಂದರು. ಅತ್ತೆಯ ಹುಬ್ಬು ಗಂಟಿಕ್ಕಿತು. ಮಾವ ಕೊಡವಬೇಕಾದಲ್ಲಿ ಎಳೆದರು, ಸೇರಿಸಬೇಕಾದಲ್ಲಿ ತಿರುಚಿದರು. ಕೊನೆಗೆ ಆ ಬಟ್ಟೆಯನ್ನು ಕಿಟಕಿಯೆದುರು ಎತ್ತಿ ಹಿಡಿದು, "ಹೆಂಗಿದೆ?" ಎಂದು ಹೆಮ್ಮೆಯಿಂದ ಕೇಳಿದರು. ಸಂಜೆಯ ಬೆಳಕಿನಲ್ಲಿ ಅದರ ಒಂದು ಅಂಚು ಮೇಲೆ, ಒಂದು ಕೆಳಗೆ ನೇತಾಡುತ್ತಿತ್ತು.

ಅತ್ತೆ ಸರಿಯಿಲ್ಲವೆಂಬಂತೆ ತಲೆ ಆಡಿಸಿದರು. ಅವರ ಕತ್ತಿನ ನರ ಉಬ್ಬಿತು. "ಸ..." ಎಂದರು. ನಾನು ಹೇಳಿಕೊಡಲು ಬಾಯಿ ತೆರೆದೆ. ಮಾವ ನನ್ನ ಕಡೆ ನೋಡದೆಯೇ ಒಂದು ಕೈ ಎತ್ತಿ ತಡೆದರು. ಬಟ್ಟೆಯನ್ನು ಹಾಗೇ ಹಿಡಿದು ನಿಂತರು. ಕಿಟಕಿಯಾಚೆ ಒಂದು ಗಾಡಿ ಹಾರ್ನ್ ಹೊಡೆದು ಹೋಯಿತು. ಮಾವ ಕಾಯುತ್ತಲೇ ಇದ್ದರು.

"ಸೊ... ಸೊಟ್ಟ" ಎಂದರು ಅತ್ತೆ.

ಏಣಿ ಕಲಿಸಿದ ಮಾತಲ್ಲ ಅದು, ಲಾಂಡ್ರಿಯ ಕೂಗಿನಲ್ಲಿಯೂ ಇರಲಿಲ್ಲ. ಕಣ್ಣೆದುರಿನ ಒಂದು ವಸ್ತುವನ್ನು ನೋಡಿ, ಅಳೆದು, ತೀರ್ಮಾನಿಸಿ, ಅದಕ್ಕೆ ಸರಿಯಾದ ಮಾತನ್ನು ಎಲ್ಲಿಂದಲೋ ಹೊತ್ತು ತಂದಿದ್ದರು. ಅಷ್ಟೇ ಅಲ್ಲ, ಅದರ ಹಿಂದೆಯೇ ಇನ್ನೊಂದು ಬಂತು.

"ಸೊಟ್ಟ ರೀ!"

ಮಾವ ಬಟ್ಟೆಯ ಸಮೇತ ನೆಲದ ಮೇಲೆ ಕೂತುಬಿಟ್ಟರು. "ಸೊಟ್ಟನೇ ಕಣೇ. ಪೂರ್ತಿ ಸೊಟ್ಟ. ಇನ್ನೊಂದ್ಸಲ ಬೈಯಿ" ಎಂದು ನಗುತ್ತಾ, ಅದೇ ಬೆಡ್‌ಶೀಟಿನಲ್ಲಿ ಕಣ್ಣೊರೆಸಿಕೊಂಡರು.

ಮಗು ಮಾತು ಕಲಿಯುವುದನ್ನು ಎಲ್ಲರೂ ನೋಡಿರುತ್ತಾರೆ. ಐವತ್ತು ದಾಟಿದವರು ಕಲಿಯುವುದನ್ನು ನಾನು ಅವತ್ತಿನಿಂದ ಹತ್ತಿರದಲ್ಲಿ ನೋಡಿದೆ. ಮಾತುಗಳು ಸಾಲಾಗಿ ಬರಲಿಲ್ಲ. "ಬಿಸಿ" ಬಂತು, "ನೀರು" ಬರಲು ಬಹಳ ದಿನ ಹಿಡಿಯಿತು. ಒಮ್ಮೆ ಬಂದದ್ದು ಮರುದಿನ ಮಾಯವಾಗುವುದೂ ಇತ್ತು. ಒಂದು ಮಾತಿಗಾಗಿ ಅವರ ಮುಖದ ಮೇಲೆ ನಡೆಯುತ್ತಿದ್ದ ಹೋರಾಟ ನೋಡುವಾಗ, ನಾನು ಉಸಿರಾಡುವಷ್ಟು ಸಲೀಸಾಗಿ ಆಡಿ ಎಸೆಯುತ್ತಿದ್ದ ಮಾತುಗಳ ಬಗ್ಗೆ ಒಂದು ಬಗೆಯ ಭಯಭಕ್ತಿ ಹುಟ್ಟಿತು.

ಅತ್ತೆ ಮೊದಲ ಸಲ ಎರಡು ಮೂರು ಮಾತು ಸೇರಿಸಿ ಹೇಳತೊಡಗಿದ ಕಾಲದಲ್ಲಿ ಒಂದು ಮಧ್ಯಾಹ್ನ ಮಾವ ಅವರ ಪಕ್ಕ ಕೂತು, ನನ್ನನ್ನು ಕೇಳಿದ್ದ ಪ್ರಶ್ನೆಯನ್ನು ಅವರನ್ನೇ ಕೇಳಿದರು. "ಆ ಕೋಣೇಲಿ ಇದ್ದಾಗ... ನಿಂಗೆ ಏನಾದ್ರೂ ಗೊತ್ತಾಗ್ತಿತ್ತಾ?"

ಅತ್ತೆ ಬಿಸಿಲಿನಲ್ಲಿದ್ದ ತಮ್ಮ ಎಡಗೈಯನ್ನು ನೋಡುತ್ತಾ ಹುಡುಕಿದರು.

"ಎಲ್ಲಾ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ನೀವು... ರಾತ್ರಿ... ಸ್ಟಾಪು. ಹೇಳ್ತಿದ್ರಿ."

ನನಗೆ ಅರ್ಥವಾಗಲಿಲ್ಲ. ಮಾವನ ಮುಖ ನೋಡಿದೆ, ಅದು ಕೆಂಪಾಗಿತ್ತು. ನಾನು ಮಲಗಿದ ಮೇಲೆ ಅವರು ಆ ಮಂಚದ ಪಕ್ಕ ಕೂತು, ಹೆಂಡತಿಗೆ ಏನು ಹೇಳಬೇಕೆಂದು ತೋಚದೆ, ತಾವು ಅಷ್ಟು ವರ್ಷ ಓಡಾಡಿದ ಬಸ್ಸಿನ ನಿಲ್ದಾಣಗಳ ಹೆಸರನ್ನು ಒಂದೊಂದಾಗಿ ಪಿಸುಗುಟ್ಟುತ್ತಿದ್ದರಂತೆ. ಯಾರಿಗೂ ಹೇಳಿರಲಿಲ್ಲ.

"ಒಂದೊಂದೇ" ಎಂದರು ಅತ್ತೆ. "ಅಳ್ತಾ."

"ನಿದ್ದೆ ಮಾಡ್ತಿದ್ದೀಯ ಅಂದ್ಕೊಂಡಿದ್ದೆ ಕಣೇ."

ಅತ್ತೆ ಇಲ್ಲವೆಂದು ತಲೆಯಾಡಿಸಿದರು. "ನಾನೂ... ಹೇಳ್ತಿದ್ದೆ. ಜೊತೆಗೆ. ಒಳಗೆ."

ಮಾವನಿಗೆ ಕೂತಿರಲು ಆಗಲಿಲ್ಲ. ಎದ್ದು, ನೀರು ತರುತ್ತೇನೆಂದೋ ಏನೋ ಗೊಣಗಿ ಬಾಗಿಲ ಕಡೆ ಹೊರಟರು. ಅತ್ತೆ ಅವರ ಅಂಗಿಯ ಚುಂಗು ಹಿಡಿದು ನಿಲ್ಲಿಸಿದರು.

"ಕೂತ್ಕೊಳ್ಳಿ" ಎಂದರು. "ಇನ್ನೂ ಇದೆ."

ಮಾವ ಕೂತರು. ಅತ್ತೆ ಕಣ್ಣು ಮುಚ್ಚಿ ಮುಂದಿನ ಮಾತನ್ನು ಹುಡುಕತೊಡಗಿದರು. ನಾವಿಬ್ಬರೂ ಕಾದೆವು.