ತಕ್ಕಡಿಗಿಟ್ಟ ಮುದ್ದೆ

ಇಲ್ಲಿ ಊಟವನ್ನು ಅಗಿಯುವಂತಿಲ್ಲ, ನುಂಗಬೇಕು. ಬಿಡದಿಗೆ ಬಂದ ಮೊದಲ ವಾರ ನಮ್ಮ ಬಾಡಿಗೆ ಮನೆಯ ಒಡತಿ ಸಾಕಮ್ಮನವರು ರಾಗಿ ಮುದ್ದೆ ಬಡಿಸಿದಾಗ ನಾನು ಜೋಳದ ರೊಟ್ಟಿ ಜಗಿದಂತೆ ಜಗಿದೆ. ಹಲ್ಲಿಗೆಲ್ಲ ಮೆತ್ತಿಕೊಂಡು ಬಾಯಿ ತೆರೆಯಲಾಗಲಿಲ್ಲ. "ಅಗೀಬ್ಯಾಡ ಕಣವ್ವ, ಸಾರಲ್ಲಿ ಅದ್ಕಂಡು ನುಂಗು" ಎಂದು ಅವರೇ ಮುರಿದು ನುಂಗಿ ತೋರಿಸಿದರು. ನಮ್ಮ ಗದಗಿನ ಕಡೆ ಹೀಗೆ ನುಂಗಿದರೆ ಯಾರು ಬೆನ್ನು ಹತ್ತಿದ್ದಾರೆಂದು ಕೇಳುತ್ತಾರೆ.

ಗಂಡನಿಗೆ ಕಾರಿನ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಅವನು ಮನೆಯಲ್ಲಿದ್ದರೆ ನಿದ್ದೆಯಲ್ಲಿರುತ್ತಿದ್ದ. ಅಕ್ಕಪಕ್ಕದ ಹೊಸ ಮನೆಗಳಿಗೆಲ್ಲ ಹಗಲಿಡೀ ಬೀಗ. ನಮ್ಮೂರಲ್ಲಾದರೆ ಕಟ್ಟೆಯ ಮೇಲೆ ಕೂತರೆ ಸಾಕು, ಬೇಡವೆಂದರೂ ಮಾತಿಗೆ ಜನ. ಇಲ್ಲಿ ನನ್ನ ಮಾತು ಕೇಳಿದ ಅಂಗಡಿಯವನು "ನಿಮ್ದು ಯಾವ್ ಕಡೆ ಭಾಷೆ?" ಎಂದ. ಕನ್ನಡ ಆಡಿಯೇ ಪರದೇಶಿಯಾದೆ. ಸಂಜೆ ಸಾಕಮ್ಮ "ಬಾ ಮಗ, ಒಸಿ ಉಣ್ಣು" ಎಂದು ಕೂಗುತ್ತಿದ್ದರಲ್ಲ, ಇಡೀ ದಿನದಲ್ಲಿ ನನ್ನನ್ನು ಕರೆಯುತ್ತಿದ್ದ ದನಿ ಅದೊಂದೇ. ಇಲ್ಲಿ ಹೆಣ್ಣುಮಕ್ಕಳನ್ನೂ ಮಗ ಎಂದೇ ಕರೆಯುತ್ತಾರೆ, ಒಸಿ ಎಂದರೆ ಸ್ವಲ್ಪ. ಅವರ ಕೈಯಲ್ಲಿ ಅದು ತೆಂಗಿನಕಾಯಿಯಷ್ಟು ಮುದ್ದೆ. ಆ ಊಟಕ್ಕಾಗಿಯೇ ನಾನು ದಿನ ದೂಡುತ್ತಿದ್ದೆ.

ವರ್ಷದೊಳಗೆ ರವಿಕೆಗಳೆಲ್ಲ ಬಿಗಿಯಾದವು. ಸಕ್ಕರೆ ಕಾಯಿಲೆ ಬಾಗಿಲಲ್ಲೇ ಇದೆ, ತೂಕ ಒಂದಿಷ್ಟು ಇಳಿಸಿ, ಕ್ಯಾಲೊರಿ ಲೆಕ್ಕ ಹಾಕಿ ತಿನ್ನಿ ಎಂದರು ಡಾಕ್ಟರು. ಸೈಬರ್ ಕೆಫೆಗೆ ಹೋಗಿ ಪಟ್ಟಿ ಪ್ರಿಂಟ್ ಮಾಡಿಸಿದೆ. ಬ್ರೆಡ್ಡಿತ್ತು, ಸೇಬಿತ್ತು, ಓಟ್ಸ್ ಇತ್ತು. ಮುದ್ದೆಯೂ ಇಲ್ಲ, ನಮ್ಮ ರೊಟ್ಟಿಯೂ ಇಲ್ಲ! ರಾಗಿ ಹಿಟ್ಟಿನ ಲೆಕ್ಕವಿತ್ತು, ಅದೂ ಗ್ರಾಮಿನಲ್ಲಿ. ರೊಟ್ಟಿಯನ್ನಾದರೆ ಒಂದು, ಎರಡು ಎಂದು ಎಣಿಸಬಹುದು, ಸಾಕಮ್ಮನ ಒಸಿಗೆ ಎಲ್ಲಿಯ ಅಳತೆ? ಪ್ರತಿ ತುತ್ತನ್ನೂ ಚೆನ್ನಾಗಿ ಅಗಿಯಿರಿ ಎಂದು ಕೊನೆಯಲ್ಲಿ ಬೇರೆ ಬರೆದಿತ್ತು.

ಸಾಕಮ್ಮ ಹಿತ್ತಲ ಕೋಣೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಗೂಡನ್ನು ರಾಮನಗರದ ಮಾರ್ಕೆಟ್ಟಿಗೆ ಒಯ್ಯುವ ಮುಂಚೆ ತೂಗಿ ನೋಡಲು ಪಡಸಾಲೆಯಲ್ಲಿ ಒಂದು ತಕ್ಕಡಿ ಇತ್ತು. ಒಂದು ಸಂಜೆ ಅವರು ಸಾರು ತರಲು ಒಳಗೆ ಹೋದಾಗ ನಾನು ಅದರ ಮೇಲೆ ಬಾಳೆಲೆ ಹಾಸಿ ಮುದ್ದೆ ಇಟ್ಟೆ. ತಿರುಗಿದರೆ ಸಾಕಮ್ಮ ಸಾರಿನ ಪಾತ್ರೆ ಹಿಡಿದು ನಿಂತಿದ್ದರು.

"ಏನವ್ವ ಅದು?"

"ಎಷ್ಟ ಕ್ಯಾಲೊರಿ ಆಗ್ತದ ನೋಡಾಕ್ರಿ. ಡಾಕ್ಟರ ಹೇಳ್ಯಾರ. ನಾಳಿಂದ ಅರ್ಧಾ ಸಾಕ್ರಿ."

ಅವರು ಪಾತ್ರೆ ಕೆಳಗಿಟ್ಟರು. "ಹುಳಕ್ಕೆ ಸೊಪ್ಪಿಕ್ಕುವಾಗ್ಲೂ ನಾನು ತೂಕ ನೋಡಕಿಲ್ಲ. ಮಾರೋದುನ್ನ ತೂಗ್ತಾರೆ ಕಣವ್ವ, ಇಕ್ಕೋದುನ್ನಲ್ಲ. ಇಕ್ಕಿದ್ ಮುದ್ದೇನ ತಕ್ಕಡಿಗಾಕ್ಬುಟ್ಯಲ್ಲ."

ಇಕ್ಕುವುದೆಂದರೆ ಬಡಿಸುವುದು. ಆ ಸಂಜೆ ನಾನು ಇಡೀ ಮುದ್ದೆ ನುಂಗಿದೆ. ಅವರು ಇನ್ನೊಂದು ಸೌಟು ಸಾರು ಬೇಕೇ ಎಂದು ಕೇಳಲಿಲ್ಲ.

ಮರುದಿನ ಕೂಗು ಬರಲಿಲ್ಲ. ಅದರ ಮರುದಿನವೂ ಇಲ್ಲ. ತಾಳಲಾರದೆ ನಾನೇ ಹೋದೆ. ಸಾಕಮ್ಮ ಹೊಸಿಲಲ್ಲೇ ನಿಂತು, "ಊಟ ಆಯ್ತಾ ಮೇಡಂ?" ಎಂದರು. ಸಕ್ಕರೆ ಕಾಯಿಲೆಯ ವಿಷಯ ಬಿಡಿಸಿ ಹೇಳಿದೆ, ತಪ್ಪಾಯಿತೆಂದೂ ಹೇಳಿದೆ. "ಅಯ್ಯೋ ಅದ್ಯಾಕೆ, ನಿಮ್ಮ ಮೈ ನೀವು ನೋಡ್ಕಳಿ" ಎಂದು ನಕ್ಕರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮಗ ಹೋಗಿ ಮೇಡಂ ಆಗಿದ್ದೆ, ಇನ್ನು ಅದನ್ನು ಯಾವ ಬಾಯಿಂದ ವಾಪಸು ಕೇಳಲಿ?

ತೂಕ ಇಳಿಯಿತು. ಈಗ ನನ್ನ ಅಡುಗೆಮನೆಯಲ್ಲಿ ನನ್ನದೇ ತಕ್ಕಡಿ. ಸೌತೆಕಾಯಿ ತೂಗಿ, ಅನ್ನ ತೂಗಿ, ಗೋಡೆ ನೋಡುತ್ತ ಚೆನ್ನಾಗಿ ಅಗಿದು ಉಣ್ಣುತ್ತೇನೆ. ಲೆಕ್ಕ ಸರಿಯಾಗಿದೆ, ಡಾಕ್ಟರೂ ಮೆಚ್ಚಿದರು. ಆಚೆ ಮನೆಯಲ್ಲಿ ಸಾಕಮ್ಮ ಕೋಲಾಡಿಸಿ ಮುದ್ದೆ ತೊಳಸುವ ಸದ್ದಾದರೆ ಮಾತ್ರ ಅಗಿಯುವುದನ್ನು ನಿಲ್ಲಿಸಿ ಕಿವಿಗೊಡುತ್ತೇನೆ.

ಪಂಚಮಿಗೆ ಊರಿಗೆ ಹೋದಾಗ ಅವ್ವ ಕೆನ್ನೆ ಸವರಿ, "ಎಷ್ಟ ಸೊರಗೀದಿ. ಅಲ್ಲಿ ಉಣ್ಣಾಕ ಹಾಕವ್ರು ಯಾರೂ ಇಲ್ಲೇನ?" ಎಂದಳು. ತಟ್ಟೆಗೆ ರೊಟ್ಟಿ ಬಿತ್ತು, ಮೇಲೆ ಬೆಣ್ಣೆ ಬಿತ್ತು. ಕೈ ಅಡ್ಡ ಹಿಡಿದು ನಾನು ಅಂದೆ, "ಒಸಿ ಸಾಕು."

ಅವ್ವ ಬೆಣ್ಣೆಯ ಕೈಯನ್ನು ಹಾಗೇ ನಿಲ್ಲಿಸಿ ಕೇಳಿದಳು, "ಒಸಿ ಅಂದ್ರ ಏನವಾ?"