ಏಕಾದಶಿಯ ದಿನದ ಬ್ರೆಡ್ಡು

ರೆಂಟನ್ನಿನ ಒಂದು ಸಣ್ಣ ಬೇಕರಿಯಲ್ಲಿ ಮೊನ್ನೆ ಕಪ್ಪು ಬ್ರೆಡ್ಡನ್ನು ಕೊಯ್ಯುತ್ತಿದ್ದರು. ಅದರೊಳಗಿನ ಶಾಹಿ ಜೀರಿಗೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಹಿಂದೆ ಬೆಲ್ವ್ಯೂ ಊರಿನಲ್ಲಿ ನಮ್ಮ ಪಕ್ಕದ ಅಪಾರ್ಟ್‌ಮೆಂಟಿನಲ್ಲಿದ್ದ ಅಜ್ಜಿ ನೆನಪಾದರು.

ಅವರು ಹಂಗೇರಿಯವರು. ಹುಡುಗಿಯಾಗಿದ್ದಾಗ ತಮ್ಮನ್ನೂ ಅಕ್ಕನನ್ನೂ ನಾಜಿಗಳು ಔಶ್ವಿಟ್ಸ್ ಶಿಬಿರಕ್ಕೆ ಸಾಗಿಸಿದ್ದರೆಂದು, ಅವರ ತೋಳಿನ ಹಚ್ಚೆಯ ನಂಬರು ನನ್ನ ಕಣ್ಣಿಗೆ ಬಿದ್ದ ದಿನ ಒಂದೇ ಮಾತಿನಲ್ಲಿ ಹೇಳಿದ್ದರು. ನಾನೂ ಕೆದಕಲಿಲ್ಲ. ವಾರಕ್ಕೊಮ್ಮೆ ಬ್ರೆಡ್ಡು ಮಾಡಿ ನಮಗೆ ಅರ್ಧ ತರುತ್ತಿದ್ದರು. ಕೊಟ್ಟು ಹೋಗುವ ಪೈಕಿಯಲ್ಲ. ನಾವು ಒಂದು ಚೂರಾದರೂ ಬಾಯಿಗೆ ಹಾಕಿಕೊಳ್ಳುವ ತನಕ ಬಾಗಿಲಲ್ಲೇ ನಿಂತಿರುತ್ತಿದ್ದರು. ವಯಸ್ಸಾದವರ ಚಾಳಿ ಅಂದುಕೊಂಡಿದ್ದೆ.

2012ರ ಬೇಸಿಗೆಯಲ್ಲಿ ಅಮ್ಮ ಮೈಸೂರಿನಿಂದ ಬಂದಿದ್ದರು. ಅಮ್ಮನ ಏಕಾದಶಿ ಅಂದರೆ ಏಕಾದಶಿಯೇ, ತೊಟ್ಟು ನೀರೂ ಮುಟ್ಟುವವರಲ್ಲ. ಅಂಥದ್ದೊಂದು ಮಧ್ಯಾಹ್ನವೇ ಅಜ್ಜಿ ಬ್ರೆಡ್ಡು ಹಿಡಿದು ಬಂದರು.

“ಇವತ್ತು ನಂಗೆ ಊಟ ಇಲ್ಲ, ನಾಳೆ ತಿಂತೀನಿ ಅಂತ ಹೇಳೇ,” ಅಂದರು ಅಮ್ಮ.

ಏಕಾದಶಿ, ದ್ವಾದಶಿ, ಪಾರಣೆ... ಇದನ್ನೆಲ್ಲ ಇಂಗ್ಲಿಷಿನಲ್ಲಿ ಯಾರು ಬಿಡಿಸಿ ಹೇಳುತ್ತಾ ಕೂರುತ್ತಾರೆ? “ಅಮ್ಮನಿಗೆ ಹಸಿವಿಲ್ಲವಂತೆ,” ಎಂದುಬಿಟ್ಟೆ.

ಅಜ್ಜಿಯ ಮುಖ ಬಿಳಿಚಿಕೊಂಡಿತು. “ಹಾಗನ್ನಬೇಡಿ ಅಂತ ಹೇಳು. ನನ್ನಕ್ಕನೂ ಹಾಗೇ ಅನ್ನುತ್ತಿದ್ದಳು,” ಅಂದರು.

ಶಿಬಿರದಲ್ಲಿ ದಿನಕ್ಕೊಂದು ತುಂಡು ಬ್ರೆಡ್ಡು, ನೀರಿನಂಥ ಸೂಪು. ಅಕ್ಕ ತನಗೆ ಹಸಿವಿಲ್ಲ ಎಂದು ತನ್ನ ತುಂಡನ್ನೂ ತಂಗಿಗೆ ಕೊಡುತ್ತಿದ್ದಳಂತೆ. ತಂಗಿ ನಂಬಿದಳು, ತಿಂದಳು. ಸೊರಗಿ ಕೆಲಸಕ್ಕೆ ಬಾರದವರನ್ನು ಆಗಾಗ ಆರಿಸಿ ಬೇರೆ ಸಾಲಿಗೆ ನಿಲ್ಲಿಸುತ್ತಿದ್ದರು. ಆ ಸಾಲು ಹೋಗುತ್ತಿದ್ದುದು ವಿಷಾನಿಲದ ಕೋಣೆಗೆ. ಒಂದು ಬೆಳಿಗ್ಗೆ ಅಕ್ಕನನ್ನೂ ಅದಕ್ಕೆ ತಳ್ಳಿದರು... ಇಷ್ಟನ್ನೂ ಅಜ್ಜಿ ಒಂದು ಹನಿ ಕಣ್ಣೀರಿಲ್ಲದೆ ಹೇಳಿದರು. ಬ್ರೆಡ್ಡು ಹಿಡಿದು ಚಾಚಿದ ಕೈಯನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅಮ್ಮನಿಗೆ ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ, ಈ ಸಲ ಒಂದು ಮಾತೂ ಬಿಡದೆ.

ಅಮ್ಮ ದೇವರ ಗೂಡಿನ ಕಡೆ ಒಮ್ಮೆ ನೋಡಿದರು. “ಅವನಿಗೆ ನಾನು ಹೇಳ್ಕೋತೀನಿ, ತಾ ಇಲ್ಲಿ,” ಅಂದು ಚೂರು ಮುರಿದು ಬಾಯಿಗಿಟ್ಟುಕೊಂಡರು. ಅಗಿದು ನುಂಗಿ, ಇನ್ನೊಂದು ಚೂರಿಗೆ ಕೈಯೊಡ್ಡಿದರು. ಅಯ್ಯೋ ನನ್ನಮ್ಮಾ! ಜ್ವರ ಬಂದಾಗ ಅಪ್ಪ ಗೋಗರೆದರೂ ಮುರಿಯದ ವ್ರತ ಅದು... ಅಜ್ಜಿ ಕುರ್ಚಿಯಲ್ಲಿ ಕೂತು ಅಮ್ಮ ತಿನ್ನುವುದನ್ನೇ ನೋಡುತ್ತಿದ್ದರು.

ಅಮ್ಮ ಮೈಸೂರಿಗೆ ಮರಳಿದರು. ಕೆಲವು ವರ್ಷಗಳ ಮೇಲೆ ಅಜ್ಜಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಫೋನಿನಲ್ಲಿ ಹೇಳಿದಾಗ ಅಮ್ಮ, “ಕೊನೇಲಿ ಏನಾದ್ರೂ ತಿಂದಿದ್ರೇನೇ?” ಅಂತ ಕೇಳಿದರು.

ಮೊನ್ನೆಯ ಬ್ರೆಡ್ಡನ್ನು ಮನೆಗೆ ತಂದೆ. ಅಜ್ಜಿ ಮಾಡಿದ್ದರ ಹತ್ತಿರಕ್ಕೂ ಬರಲಿಲ್ಲ. ಆ ರುಚಿ ಇನ್ನು ಸಿಗುವುದಿಲ್ಲ. ರೂಮಿನಲ್ಲಿ ಓದುತ್ತಾ ಕೂತಿದ್ದ ಮಗಳಿಗೆ ಒಂದು ತುಂಡು ಕೊಟ್ಟೆ. ತಲೆಯೆತ್ತದೆ, “ಐಯಾಮ್ ನಾಟ್ ಹಂಗ್ರಿ, ಅಮ್ಮ,” ಅಂದಳು.

ಅವಳು ಅದನ್ನು ತಿನ್ನುವ ತನಕ ನಾನು ಬಾಗಿಲಲ್ಲೇ ನಿಂತಿದ್ದೆ.